ಅವಲಕ್ಕಿ ಕಾಕಾನ ಮನೆಗೆ ಹತ್ತನೆಯವ

ಮದುವೆಗೆ ಹೋದವರು ಮದುಮಕ್ಕಳನ್ನು ನೋಡುತ್ತಾರೆ, ನಾನು ಫ್ಯಾನು ನೋಡುತ್ತೇನೆ. ಸೆಕೆಗಾಗಿ ಅಲ್ಲ, ತಪ್ಪು ತಿಳಿಯಬೇಡಿ. ಹಾನಗಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನನಗೆ ಸೂಟಿಯ ದಿನಗಳಲ್ಲಿ ಒಂದು ಉಪಕಸುಬಿತ್ತು. ದಾನ ಕೊಟ್ಟವರ ಹೆಸರನ್ನು ಕೊಟ್ಟ ವಸ್ತುವಿನ ಮೇಲೆ ಬರೆಯುವುದು. ಕಲ್ಯಾಣಮಂಟಪದ ಫ್ಯಾನು, ಗುಡಿಯ ಗಡಿಯಾರ, ಬಸ್‌ಸ್ಟ್ಯಾಂಡಿನ ಸಿಮೆಂಟಿನ ಬೆಂಚು, ಶಾಲೆಯ ನೀರಿನ ಟಾಕಿ. ನಮ್ಮ ಕಡೆಯ ಜನ ಕೊಡುವುದರಲ್ಲಿ ಹಿಂದೆ ಬೀಳುವವರಲ್ಲ, ಕೊಟ್ಟದ್ದು ನಾಲ್ಕು ಮಂದಿಗೆ ಕಾಣಬೇಕು, ಅಷ್ಟೆ. ಒಬ್ಬ ಸಾಹುಕಾರರು ಮಂಟಪಕ್ಕೆ ಫ್ಯಾನು ಕೊಟ್ಟು ಒಂದು ರೆಕ್ಕೆಯ ಮೇಲೆ ತಮ್ಮ ಹೆಸರು, ಎರಡನೆಯದರ ಮೇಲೆ ತಂದೆಯ ಹೆಸರು, ಮೂರನೆಯದರ ಮೇಲೆ ಅಡ್ಡಹೆಸರು ಬರೆಸಿದರು. ಫ್ಯಾನು ತಿರುಗಿದರೆ ಅಕ್ಷರ ಕಾಣುವುದಿಲ್ಲವಲ್ಲ! ಹಾಗಾಗಿ ಅವರು ಬಂದಾಗಲೆಲ್ಲ ಗುಂಡಿ ಒತ್ತಿ ಫ್ಯಾನು ನಿಲ್ಲಿಸಿ, ಕೆಳಗೆ ಬೆವರುತ್ತ ಕೂತು, ಕತ್ತೆತ್ತಿ ಹೆಸರು ಓದಿಕೊಂಡು ಹೋಗುತ್ತಿದ್ದರು. ಅಕ್ಷರ ದುಂಡಗಿವೆ ಎಂದು ನನ್ನನ್ನೂ ಹೊಗಳುತ್ತಿದ್ದರು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಶಿಗ್ಗಾಂವಿಯಲ್ಲಿ ಒಂದು ಮದುವೆ. ಅಕ್ಷತೆ ಕೈಯಲ್ಲಿ ಹಿಡಿದು ರೂಢಿಯಂತೆ ಮೇಲೆ ನೋಡಿದೆ. ಫ್ಯಾನುಗಳ ಮೇಲೆ ಒಂದಕ್ಷರವೂ ಇಲ್ಲ, ಎಲ್ಲ ಬೋಳು. ಇಷ್ಟು ಒಳ್ಳೆಯ ಜಾಗ ಹಾಳಾಯಿತಲ್ಲ ಎಂದು ನನ್ನ ಕೈ ತುರಿಸತೊಡಗಿತು. ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಸಂಕಟ ನೋಡಿ ನಕ್ಕರು.

"ಏನ್ ಹುಡುಕಾಕತ್ತೀರಿ ಮಾಸ್ತರ? ಹೆಸರಿಲ್ಲ ಅಂದಮ್ಯಾಲ ತಿಳೀಬಾರದೇನು, ಅವು ಅವಲಕ್ಕಿ ಕಾಕಾನ ಫ್ಯಾನ್ ರೀ!"

ಅಲ್ಲಿಂದ ನನ್ನ ತಲೆ ಮದುವೆ ಬಿಟ್ಟು ಹಾನಗಲ್ಲಿಗೆ ಹೋಯಿತು. ಅಕ್ಷತೆ ಹಾಕುವುದು ಮರೆತು, ಆಮೇಲೆ ಊಟದ ಪಂಕ್ತಿಯಲ್ಲಿ ಕೂತಾಗ ಅದನ್ನು ಎಲೆಯ ಪಕ್ಕ ಉದುರಿಸಿದೆ. ಮದುಮಕ್ಕಳಿಗೆ ಏನೂ ಕಡಿಮೆಯಾಗಿರಲಿಕ್ಕಿಲ್ಲ.

ನಿಮಗೆ ಅವಲಕ್ಕಿ ಕಾಕಾನ ಪರಿಚಯ ಇಲ್ಲದಿದ್ದರೆ ಹೇಳುತ್ತೇನೆ. ಅವರ ಹೆಸರು ಎಜ್ರಾ, ಹೆಂಡತಿಯ ಹೆಸರು ಸಾರಾ. ನಮ್ಮೆಲ್ಲರಿಗೂ ಎಜ್ರಾಕಾಕಾ, ಸಾರಾಕಾಕು. ಇಬ್ಬರೂ ಯಹೂದಿಗಳು, ಆಲಿಬಾಗದ ಕಡೆಯ ಸಮುದ್ರದಂಡೆಯವರು, ಮನೆಮಾತು ಮರಾಠಿ. ಅವರ ಹಿರಿಯರು ಕೊಂಕಣದಲ್ಲಿ ತಲೆತಲಾಂತರದಿಂದ ಎಣ್ಣೆ ಗಾಣ ತಿರುವುತ್ತ ಬಂದವರಂತೆ, ಶನಿವಾರ ಮಾತ್ರ ಗಾಣ ಮುಟ್ಟದವರಂತೆ. ಕಾಕಾ ಮೀಸೆ ಚಿಗುರುವ ವಯಸ್ಸಿನಲ್ಲಿ ಫಿಟ್ಟರ್ ಆಗಿ, ಇಲ್ಲಿನ ಒಂದು ಅಕ್ಕಿ ಗಿರಣಿಗೆ ಇಂಜಿನು ಕೂಡಿಸಲು ಬಂದರು. ಇಂಜಿನು ಕೂತಿತು, ಅವರೂ ಕೂತರು. ಭತ್ತದ ಸೀಮೆಯಲ್ಲಿ ಒಳ್ಳೆಯ ಅವಲಕ್ಕಿ ಗಿರಣಿ ಇಲ್ಲವೆಂದು ಗೊತ್ತಾದದ್ದೇ ತಡ, ತಾವೇ ಒಂದು ಹಾಕಿದರು. ಆಮೇಲೆ ಊರಿಗೆ ಹೋಗಿ ಮದುವೆಯಾಗಿ ಕಾಕುವನ್ನು ಕರಕೊಂಡು ಬಂದರು. ಅವರು ಮನೆ ಹಿಡಿದದ್ದು ನಮ್ಮ ಓಣಿಯಲ್ಲಿ. ನಾನಾಗ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಅವ್ವನನ್ನು ಕರೆಯುವ ಕಾಲ.

ಗಿರಣಿ ಎಂದರೆ ನನಗೆ ಇವತ್ತಿಗೂ ನೆನಸಿದ ಭತ್ತದ ಹುಳಿ ವಾಸನೆ, ಹುರಿಯುವ ಕಡಾಯಿಯ ಬಿಸಿ, ಮತ್ತು ತೌಡು ಮೆತ್ತಿ ಬೆಳ್ಳಗಾದ ಕಾಕಾನ ಹುಬ್ಬು. ಆಗಷ್ಟೇ ಚಪ್ಪಟೆಯಾಗಿ ಬಿದ್ದ ಬಿಸಿ ಅವಲಕ್ಕಿಯನ್ನು ಕಾಕಾ ನಮ್ಮ ಅಂಗಿಯ ಕಿಸೆಗೆ ಸುರಿಯುತ್ತಿದ್ದರು. ಎದೆ ಚುರುಚುರು ಎನ್ನುತ್ತಿತ್ತು, ಆದರೂ ಕಿಸೆ ಹಿಡಿದುಕೊಂಡೇ ಓಡುತ್ತಿದ್ದೆವು. ಅವ್ವ ಬಟ್ಟೆ ಒಗೆಯುವಾಗ ಕಿಸೆಯೊಳಗೆ ಅವಲಕ್ಕಿ ಅಂಟಿಕೊಂಡು ಮುದ್ದೆಯಾಗಿರುತ್ತಿತ್ತು, ಅದಕ್ಕೆ ಬೈಗುಳ ನನಗೆ.

ಶನಿವಾರ ಮಾತ್ರ ಗಿರಣಿ ಬಂದ್. ಮೊದಮೊದಲು ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಹಿರೇಬೆಂಡಿಗೇರಿಯ ಚನ್ನಬಸಪ್ಪ ಎಂಬ ರೈತ ಒಂದು ಶನಿವಾರ ಭತ್ತದ ಚೀಲ ಹೇರಿಕೊಂಡು ಅಷ್ಟು ದೂರದಿಂದ ಗಾಡಿ ಹೊಡಕೊಂಡು ಬಂದು, ಕದ ಹಾಕಿದ್ದು ಕಂಡು ಓಣಿಗೇ ಬಂದರು. ಕಾಕಾ ಹೆದರಿಕೊಂಡೇ ಹೊರಗೆ ಬಂದು, ನಮ್ಮ ದೇವರು ಇವತ್ತು ಕೆಲಸ ಮಾಡಬೇಡ ಎಂದಿದ್ದಾನೆ ಎಂದು ಮುರುಕು ಕನ್ನಡದಲ್ಲಿ ತಿಳಿಸಿದರು. ಗಿರಾಕಿ ಕೈತಪ್ಪಿದ ಎಂದೇ ಅವರ ಎಣಿಕೆ. ಚನ್ನಬಸಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರಂತೆ:

"ಅಷ್ಟ ಹೌದಿಲ್ರಿ? ನಮ್ಮ ಎತ್ತಿಗೆ ಸೋಮವಾರ ಸೂಟಿ, ನಿಮಗ ಶನಿವಾರ. ಅದರಾಗ ಅಂಜೂದೇನೈತಿ? ಚೀಲ ಇಲ್ಲೇ ಇಳಸ್ತೇನಿ, ನಾಳೆ ಬರ್ತೇನಿ."

ನಮ್ಮಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಸಲ್ಲುವ ಮರ್ಯಾದೆ ಗಿರಣಿಯವನಿಗೂ ಸಲ್ಲಬೇಕು ಎಂದು ಒಬ್ಬ ರೈತ ಒಪ್ಪಿದ ಮೇಲೆ ಸೀಮೆಯೆಲ್ಲ ಒಪ್ಪಿತು. ಕಾಕಾನನ್ನು ಎತ್ತಿಗೆ ಹೋಲಿಸಿದ್ದಕ್ಕೆ ಕಾಕು ಎಷ್ಟೋ ದಿನ ನಗುತ್ತಿದ್ದರು. ಎತ್ತಾದರೂ ಸೋಮವಾರ ಸುಮ್ಮನೆ ಮೇಯುತ್ತದೆ, ಇವರು ಶನಿವಾರವೂ ಗಿರಣಿಯದೇ ಚಿಂತೆ ಮಾಡುತ್ತಾರೆ ಎನ್ನುತ್ತಿದ್ದರು.

ಗಿರಣಿ ಬೆಳೆಯಿತು. ಅವಲಕ್ಕಿಯನ್ನು ಪಾಕೀಟಿನಲ್ಲಿ ತುಂಬಿ ಹುಬ್ಬಳ್ಳಿಗೆ, ಬೆಳಗಾವಿಗೆ, ಗೋವೆಗೆ ಕಳಿಸುವಷ್ಟಾಯಿತು. ಪಾಕೀಟಿನ ಮೇಲೆ ಒಂದು ಚಿತ್ರ ಬೇಕು, ನಮ್ಮ ಮಂದಿಯ ಏಳು ಕವಲಿನ ದೀಪ ಬರೆದುಕೊಡಿ ಎಂದು ಕಾಕಾ ನನ್ನನ್ನು ಕೇಳಿದರು. ಆಗಷ್ಟೇ ಮಾಸ್ತರನಾಗಿದ್ದೆ, ಕಲೆ ಉಕ್ಕಿ ಹರಿಯುತ್ತಿತ್ತು. ಏಳು ಕವಲು ಬರೆದೆ. ಬರೆದ ಮೇಲೆ ಏನೋ ಬೋಳು ಬೋಳು ಅನಿಸಿತು. ದೀಪದ ಸಮೆ ಎಂದ ಮೇಲೆ ತುದಿಗೆ ನವಿಲು ಬೇಡವೇ? ಹಾಕಿದೆ, ಗರಿ ಕೆದರಿದ ನವಿಲು. ಕಾಕು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ಕಾಕಾ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇರ್ಲಿ ಬಿಡ್ರಿ ಮಾಸ್ತರ, ನವಿಲೂ ಆ ದೇವರs ಮಾಡ್ಯಾನ" ಎಂದರು. ಜಗತ್ತಿನಲ್ಲಿ ನವಿಲು ಕೂತ ಯಹೂದಿ ದೀಪ ಇರುವುದು ಹಾನಗಲ್ಲಿನ ಅವಲಕ್ಕಿ ಪಾಕೀಟಿನ ಮೇಲೆ ಮಾತ್ರ. ಪಾಕೀಟು ಈಗಲೂ ಹಾಗೆಯೇ ಬರುತ್ತದೆ.

ದುಡ್ಡು ಬಂದಂತೆ ಗಂಡ ಹೆಂಡತಿ ಕೊಡತೊಡಗಿದರು. ಹಿರೇಬೆಂಡಿಗೇರಿಯ ಶಾಲೆಗೆ ನೀರು, ಹಿರೇಕೆರೂರಿನ ದವಾಖಾನೆಯ ಹೊರಗೆ ಬಾಣಂತಿಯರ ಕಡೆಯವರು ಕೂರಲು ನೆರಳು, ಸವಣೂರಿನಲ್ಲಿ ಹುಡುಗಿಯರು ಸಂಜೆ ಕೂತು ಓದಲು ಒಂದು ದೊಡ್ಡ ಕೋಣೆ, ಅಲ್ಲಲ್ಲಿ ಬೆಂಚು, ಫ್ಯಾನು. ನಾನು ಬಣ್ಣದ ಡಬ್ಬಿ ಹಿಡಕೊಂಡು ಹೋಗಿ ಹೆಸರೆಲ್ಲಿ ಬರೆಯಲಿ ಎಂದರೆ ಕಾಕಾ ಕೈಮುಗಿಯುತ್ತಿದ್ದರು.

"ಹೆಸರು ಬರಿಸಿದ್ರ ಕೊಟ್ಟಂಗಾಗೂದಿಲ್ಲ ಮಾಸ್ತರ, ಮಾರಿದಂಗಾಗತೈತಿ."

ನನ್ನ ಹೊಟ್ಟೆಯ ಮೇಲೆ ಹೊಡೆಯುವ ಮಾತು! ಆದರೆ ನಮ್ಮ ಮಂದಿ ಕಡಿಮೆಯವರೇ? ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಹೆಸರಿಲ್ಲದ್ದು ಏನು ಕಂಡರೂ ಇದು ಅವಲಕ್ಕಿ ಕಾಕಾನದು ಎಂದು ಲೆಕ್ಕ ಹಾಕಿಬಿಟ್ಟರು. ಹಿರೇಕೆರೂರಿನಲ್ಲಿ ಒಬ್ಬ ವ್ಯಾಪಾರಸ್ಥರ ಬೆಂಚಿನ ಮೇಲಿನ ಹೆಸರು ಮಳೆಗೆ ಅಳಿಸಿಹೋಗಿ, ಜನ ಅದನ್ನೂ ಕಾಕಾನ ಖಾತೆಗೆ ಹಾಕಿದರು. ಆ ಪುಣ್ಯಾತ್ಮರು ಏದುಸಿರು ಬಿಡುತ್ತ ಹಾನಗಲ್ಲಿಗೆ ಬಂದು, "ಈಗಿಂದೀಗ ಬರ್ರಿ ಮಾಸ್ತರ, ದಪ್ಪ ಅಕ್ಷರದಾಗ ಬರೀರಿ" ಎಂದು ನನ್ನನ್ನು ಎಬ್ಬಿಸಿಕೊಂಡು ಹೋದರು. ಕಾಕಾನ ದೆಸೆಯಿಂದ ನನಗೆ ಸಿಕ್ಕ ಗಿರಾಕಿ ಅವರೊಬ್ಬರೇ.

ಇಷ್ಟು ಕೊಡುವ ಮನುಷ್ಯ ತೆಗೆದುಕೊಳ್ಳುವುದರಲ್ಲಿ ಮಾತ್ರ ಪಕ್ಕಾ ಜುಗ್ಗ. ಸನ್ಮಾನ ಎಂದರೆ ಊರು ಬಿಟ್ಟು ಓಡುವವರು. ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂತು, "ಏನೂ ಬ್ಯಾಡ್ರಿ, ಈಗಷ್ಟ ಚಾ ಕುಡದ ಬಂದೇನಿ" ಎನ್ನುವವರು. ಒಂದು ದಿನ ನಾನು ಕೇಳಿಯೇ ಬಿಟ್ಟೆ, ಇದೇನು ಹಟ ಕಾಕಾ ಎಂದು. "ನಾವು ಹೊರಗಿನಿಂದ ಬಂದಾವ್ರು. ಈ ಊರು ಜಾಗಾ ಕೊಟ್ಟೈತಿ, ಅದs ಭಾಳಾತು. ಮತ್ತ ಭಾರ ಆಗಬಾರದು" ಎಂದರು. ನಿಜ ಹೇಳಲೇ? ನನಗೆ ಸಿಟ್ಟು ಬಂತು. ಇಡೀ ಜನ್ಮ ಇಲ್ಲಿ ಕಳೆದವರು, ನನಗಿಂತ ಚೆನ್ನಾಗಿ ರೊಟ್ಟಿ ಬುತ್ತಿ ಉಂಡವರು, ಇನ್ನೂ ಹೊರಗಿನವರೇ? ನಮ್ಮಿಂದ ಒಂದು ಲೋಟ ನೀರೂ ಬೇಡ ಎಂದರೆ ನಾವೇನು ಅವರಿಗೆ? ಈ ಮಾತನ್ನು ಮುಖಕ್ಕೆ ಹೇಳಲು ಧೈರ್ಯವಾಗಲಿಲ್ಲ, ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ.

ಹೋದ ಚಳಿಗಾಲಕ್ಕೆ ಮೊದಲು ಕಾಕಾನಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಒಯ್ದು ಎದೆ ಸೀಳಿ ಆಪರೇಶನ್ ಮಾಡಿದರು. ಆಗ ಕಾಕು ಹರಕೆ ಹೊತ್ತರು. ಗಂಡ ಎದ್ದು ಮನೆಗೆ ಬಂದರೆ, ಇದೇ ಮನೆಯಲ್ಲಿ ತಮ್ಮ ಎಲಿಯಾ ಪ್ರವಾದಿಗೆ ಮಲಿದಾ ಮಾಡುತ್ತೇನೆ ಎಂದು. ಮಲಿದಾ ಎಂದರೆ ತೊಳೆದ ಅವಲಕ್ಕಿಗೆ ಸಕ್ಕರೆ, ಹಸಿ ಕೊಬ್ಬರಿ, ಏಲಕ್ಕಿ, ದ್ರಾಕ್ಷಿ ಬೆರೆಸಿ, ದೊಡ್ಡ ತಾಟಿನಲ್ಲಿ ಗುಡ್ಡೆ ಹಾಕಿ, ಸುತ್ತ ಹಣ್ಣು ಇಟ್ಟು ಪ್ರಾರ್ಥನೆ ಮಾಡಿ ಹಂಚುವುದು. ಅವಲಕ್ಕಿಗೇನು, ಗಿರಣಿಯೇ ಇದೆ. ಕಷ್ಟ ಇದ್ದದ್ದು ಬೇರೆ ಕಡೆ. ಅವರ ದೊಡ್ಡ ಪ್ರಾರ್ಥನೆಗೆ ಅವರದೇ ಮತದ ಹತ್ತು ಮಂದಿ ಗಂಡಸರು ಕೂಡಬೇಕು. ಒಂಬತ್ತಾದರೆ ನಡೆಯುವುದಿಲ್ಲ. ಹತ್ತು ಮಂದಿ ಕೂಡಿದರೆ ಅದಕ್ಕೆ ಮಿನ್ಯಾನ್ ಎನ್ನುತ್ತಾರೆ, ಮತ್ತು ಕಾಕು ಹರಕೆಯಲ್ಲಿ ಹತ್ತು ಮಂದಿಯನ್ನೂ ಸೇರಿಸಿ ಹೇಳಿಕೊಂಡುಬಿಟ್ಟಿದ್ದರು. ಡಾಕ್ಟರು ಕಾಕಾನಿಗೆ ದೂರದ ಪ್ರಯಾಣ ಬೇಡ ಎಂದಿದ್ದರು, ಹಾಗಾಗಿ ಹತ್ತು ಮಂದಿಯೇ ಹಾನಗಲ್ಲಿಗೆ ಬರಬೇಕು.

ಠಾಣೆಯಿಂದ ಇಬ್ಬರು ಅಳಿಯಂದಿರು, ಮುಂಬಯಿಯಿಂದ ಅಣ್ಣ ತಮ್ಮಂದಿರ ಮಕ್ಕಳು ಎಂದು ಎಂಟು ಮಂದಿ ಶುಕ್ರವಾರವೇ ಬಂದಿಳಿದರು. ಕಾಕಾ ಒಬ್ಬರು, ಒಂಬತ್ತು. ಹತ್ತನೆಯವರು ಕಾಕುವಿನ ತಮ್ಮ ಶಿಮೋನ. ಅವರು ಶನಿವಾರ ಹೊತ್ತು ಮುಳುಗಿದ ಮೇಲೆ ಹೊರಟು ಬೆಳಗಾಗುವುದರೊಳಗೆ ಬರುವವರು. ಪ್ರಾರ್ಥನೆ ರವಿವಾರ ಸಂಜೆ, ಸೂರ್ಯ ಮುಳುಗುವುದರೊಳಗೆ. ಅದಾದ ಮೇಲೆ ಬಂದವರೆಲ್ಲ ಹುಬ್ಬಳ್ಳಿಗೆ ಹೋಗಿ ರೈಲು ಹತ್ತಬೇಕು, ಎಲ್ಲರಿಗೂ ನೌಕರಿ ಇದೆ.

ರವಿವಾರ ಬೆಳಿಗ್ಗೆ ನಾನು ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಸಾರಾಕಾಕು ಚಪ್ಪಲಿಯಿಲ್ಲದೆ ಓಡಿ ಬಂದರು. ಅವರು ಓಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಮಾಸ್ತರ, ಶಿಮೋನ ಬರಾಂಗಿಲ್ಲ! ಪನವೇಲದಾಗ ಬಸ್ ಹತ್ತೂ ಮುಂದ ಕಾಲು ಮುರಕೊಂಡಾನ, ಈಗ ದವಾಖಾನಿಯಿಂದ ಫೋನ್ ಬಂದೈತಿ. ಒಂಬತ್ತ ಮಂದಿ ಆದ್ರಿ. ಇವರು ಹೋಗ್ಲಿ ಬಿಡು, ಊರ ಮಂದಿಗೆ ತ್ರಾಸ ಕೊಡಬ್ಯಾಡ ಅಂತಾರ. ನನ್ನ ಹರಕಿ ಐತ್ರಿ ಮಾಸ್ತರ. ಅವರ ಜೀವಕ್ಕ ಹೊತ್ತದ್ದು. ಅದನ್ನ ಅರ್ಧಕ್ಕ ಹೆಂಗ ಬಿಡ್ಲಿ? ಏನರೆ ಮಾಡ್ರಿ."

ಕಣ್ಣು ತುಂಬಿತ್ತು. ಈ ಮನೆಯವರು ನಮ್ಮನ್ನು ಮೊಟ್ಟಮೊದಲ ಸಲ ಏನೋ ಬೇಡಿದ್ದರು, ಅದೂ ಬೇಡಿದ್ದು ಎಂಥದ್ದು! ದುಡ್ಡಲ್ಲ, ರಕ್ತವಲ್ಲ, ಒಬ್ಬ ಯಹೂದಿ. ಹಾನಗಲ್ಲಿನ ಸಂತೆಯಲ್ಲಿ ಏನು ಬೇಕಾದರೂ ಸಿಗುತ್ತದೆ, ಯಹೂದಿಯನ್ನು ಎಲ್ಲಿಂದ ತರುವುದು?

ಅಷ್ಟರಲ್ಲಿ ಓಣಿ ಕೂಡಿತು. ಚನ್ನಬಸಪ್ಪ ಈಗ ಮುದುಕರಾಗಿದ್ದಾರೆ, ಮಲಿದಾಕ್ಕೆಂದೇ ಹಿರೇಬೆಂಡಿಗೇರಿಯಿಂದ ಬಂದಿದ್ದರು. "ಸುಮ್ಮನ ಕುಂದರೂದಿದ್ರ ನಾ ಕುಂದರ್ತೇನ್ರಿ, ಅದಕ್ಕೇನ್ ಕಲೀಬೇಕೇನು?" ಎಂದರು. ಎದುರು ಮನೆಯ ಆಚಾರ್ಯರು ತಮಗೆ ಮಂತ್ರ ಬೇಗ ಬಾಯಿಪಾಠವಾಗುತ್ತದೆ, ಹಾಳೆಯ ಮೇಲೆ ಬರೆದುಕೊಟ್ಟರೆ ಸಂಜೆಯೊಳಗೆ ಒಪ್ಪಿಸುತ್ತೇನೆ ಎಂದರು. ನನ್ನ ಹೆಂಡತಿ ಶಾಂತಾ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಒಳಗ ಇಷ್ಟ್ ಮಂದಿ ಹೆಣ್ಮಕ್ಕಳದಾರ, ನಿಮ್ಮ ದೇವರ ಲೆಕ್ಕಕ್ಕ ಬರೂದಿಲ್ಲೇನ್ ಕಾಕು? ಕೊಬ್ಬರಿ ಹೆರ್ಯಾಕಷ್ಟ ಬೇಕೇನು?"

"ನಮ್ಮ ಹಿರ್ಯಾರು ಹಂಗ ಮಾಡಿಟ್ಟಾರವಾ" ಎಂದು ಕಾಕು ಅಳುತ್ತಲೇ ನಕ್ಕರು.

ಉಪಾಯ ಹೊಳೆದದ್ದು ಖಾದರಸಾಬನಿಗೆ. ಅವನು ಸವಣೂರಿನ ಎಲೆ ವ್ಯಾಪಾರಿ. ತನ್ನ ಪಿಕಪ್ ಗಾಡಿಯಲ್ಲಿ ವೀಳ್ಯದೆಲೆ ಹೇರಿಕೊಂಡು ಹಾನಗಲ್, ಶಿರಸಿ, ಕುಮಟೆ, ಗೋಕರ್ಣದವರೆಗೆ ಪಾನ್ ಅಂಗಡಿಗಳಿಗೆ ಹಾಕುತ್ತಾನೆ. ಅವನ ಮಗಳು ಸವಣೂರಿನ ಆ ಹೆಸರಿಲ್ಲದ ಕೋಣೆಯಲ್ಲಿ ಓದಿಯೇ ನರ್ಸ್ ಆದದ್ದು. ಅವತ್ತು ಎಲೆ ಇಳಿಸಲು ಬಂದವನು ಗದ್ದಲ ಕೇಳಿ ಇಣುಕಿದ.

"ಮಾಸ್ತರ್ರ, ಗೋಕರ್ಣದ ದಂಡಿಮ್ಯಾಲ ಇಸ್ರೇಲಿನ ಹುಡುಗ್ರು ರಗಡ ಬಂದಿರ್ತಾವ. ಕೂದ್ಲ ಬಿಟ್ಕೊಂಡು ಮರಳಾಗ ಬಿದ್ದಿರ್ತಾವ. ಅದರಾಗ ಒಂದನ್ನ ಎತ್ತಾಕ್ಕೊಂಡ ಬಂದ್ರ ನಡೀತೈತೇನು, ಕೇಳ್ರಿ."

ಕಾಕು ಒಳಗೆ ಹೋಗಿ ಹಿರಿಯ ಅಳಿಯನನ್ನು ಕೇಳಿಕೊಂಡು ಬಂದರು. ನಡೆಯುತ್ತದೆ! ನಾನು ಚಹಾದ ಕಪ್ಪನ್ನು ಕಟ್ಟೆಯ ಮೇಲೆಯೇ ಬಿಟ್ಟು ಗಾಡಿ ಹತ್ತಿದೆ.

ಶಿರಸಿ ದಾಟಿ, ಘಟ್ಟ ಇಳಿದು ಗೋಕರ್ಣ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಸಮುದ್ರ ನೋಡುವ ಪುರುಸೊತ್ತಿಲ್ಲ. ಇದ್ದವರೆಲ್ಲ ಬೆಳ್ಳಗೆ, ಎಲ್ಲರಿಗೂ ಕೂದಲು, ಯಾರು ಯಾವ ದೇಶದವರೆಂದು ಹೇಗೆ ತಿಳಿಯಬೇಕು? ಮೊದಲು ಸಿಕ್ಕವನನ್ನು ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ, ನೀನು ಯಹೂದಿಯೇ ಎಂದು ನೇರವಾಗಿ ಕೇಳಿದೆ. ಅವನು ಜರ್ಮನಿಯವನಂತೆ, ನನ್ನನ್ನು ಹೇಗೆ ನೋಡಿದನೆಂದರೆ ನಾನೇ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಎರಡನೆಯವನಿಗೆ ಕೂದಲು ಕೆಂಪಗಿತ್ತು, ಕಿವಿಯಲ್ಲಿ ರಿಂಗು. ಕೇಳಿದರೆ, "ನಾನು ಸಿದ್ದಾಪುರದವ ಸರ್, ಕೂದಲಿಗೆ ಬಣ್ಣ ಹಚ್ಚಿದ್ದು" ಎಂದ. ಖಾದರಸಾಬ ಮರಳಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ.

ಕೊನೆಗೆ ಕೆಲಸಕ್ಕೆ ಬಂದದ್ದು ನನ್ನ ಅಕ್ಷರದ ಹುಚ್ಚು. ಕಾಕುವಿನ ಮನೆಯ ಗೋಡೆಯ ಮೇಲೆ ಎಲಿಯಾ ಪ್ರವಾದಿ ಬೆಂಕಿಯ ರಥದಲ್ಲಿ ಹೋಗುವ ಒಂದು ಪಟ ಇದೆ, ಕೆಳಗೆ ಅವರ ಲಿಪಿ. ಚಿಕ್ಕಂದಿನಲ್ಲಿ ಆ ಚೌಕ ಚೌಕ ಅಕ್ಷರಗಳನ್ನು ಪಾಟಿಯ ಮೇಲೆ ತಿದ್ದಿದ್ದೆ, ಅರ್ಥ ಇವತ್ತಿಗೂ ಗೊತ್ತಿಲ್ಲ. ದಂಡೆಯ ಕೊನೆಯಲ್ಲಿ ತೆಂಗಿನ ಗರಿಯ ಒಂದು ಹೊಟೇಲಿನ ಮುಂದೆ, ಹಲಗೆಯ ಮೇಲೆ ಅದೇ ಅಕ್ಷರದಲ್ಲಿ ತಿಂಡಿಗಳ ಹೆಸರು ಬರೆದಿತ್ತು. ಬರೆದವನ ಕೈ ಅಷ್ಟೇನೂ ಪಳಗಿರಲಿಲ್ಲ, ಆದರೂ ಆ ಹಲಗೆಗೆ ಅಡ್ಡಬೀಳಬೇಕೆನಿಸಿತು. ಒಳಗೆ ಬಲೆಯ ತೊಟ್ಟಿಲಿನಲ್ಲಿ ಒಬ್ಬ ಹುಡುಗ ಮಲಗಿದ್ದ. ಮೈಮೇಲೆ ಅಂಗಿಯಿಲ್ಲ, ಗಡ್ಡ ಎದೆಯವರೆಗೆ. ಹೆಸರು ಓಮ್ರಿ.

"ಹೆಸರಿನಾಗ ರಿ ಐತಿ, ಮರ್ಯಾದಸ್ಥರ ಮನಿತನ" ಎಂದ ಖಾದರಸಾಬ ಮೆಲ್ಲಗೆ.

ಒಂದು ಪ್ರಾರ್ಥನೆ ಇದೆ, ಬರಬೇಕು ಎಂದೆ. ಓಮ್ರಿ ಕಣ್ಣೂ ತೆರೆಯಲಿಲ್ಲ. ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳುವುದಕ್ಕೇ ತಾನು ಇಷ್ಟು ದೂರ ಬಂದದ್ದು, ದಯವಿಟ್ಟು ಹೋಗಿ ಎಂದ. ಊಟ ಹಾಕುತ್ತೇವೆ ಎಂದೆ. ಉಂಡಾಗಿದೆ ಎಂದ. ಮುದುಕಿಯ ಹರಕೆ, ಗಂಡನ ಎದೆ ಆಪರೇಶನ್ ಎಂದು ಗೊತ್ತಿದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ. ಪಾಪ ಎಂದ, ಮಗ್ಗುಲು ಬದಲಿಸಿದ. ನನಗೆ ಅಳುವೇ ಬಂತು. ಕಾಕುವಿಗೆ ಏನು ಮುಖ ತೋರಿಸಲಿ ಎಂದುಕೊಂಡು, ಹೊರಡುವ ಮುನ್ನ ಬಾಯಿಗೆ ಬಂದದ್ದು ಅಂದೆ: "ಮಿನ್ಯಾನ್. ಓನ್ಲಿ ನೈನ್."

ಬಲೆ ಅಲ್ಲಾಡುವುದು ನಿಂತಿತು. ಓಮ್ರಿ ಎದ್ದು ಕೂತ. "ಒಂಬತ್ತೇ?" ಎಂದ. ಹೌದು ಎಂದೆ. "ನಿಜವಾಗಿ ಒಂಬತ್ತೇ ಮಂದಿ? ಬೇರೆ ಯಾರೂ ಇಲ್ಲವೇ?" ಎಂದ. ಇಲ್ಲಪ್ಪಾ ಎಂದು ಕನ್ನಡದಲ್ಲೇ ಹೇಳಿದೆ. ಅವನು ತನ್ನ ಭಾಷೆಯಲ್ಲಿ ಏನೋ ಗೊಣಗಿಕೊಂಡ, ಬೈಗುಳವೇ ಇರಬೇಕು, ಮತ್ತು ಚಪ್ಪಲಿ ಹುಡುಕತೊಡಗಿದ. ದೇವರನ್ನು ನಂಬದವನೂ ಹತ್ತನೆಯವನಾಗಿ ಕರೆದರೆ ಇಲ್ಲ ಅನ್ನುವುದಿಲ್ಲವಂತೆ. ದಾರಿಯಲ್ಲಿ ಅವನೇ ಹೇಳಿದ್ದು. ಅವನ ಅಜ್ಜ ಹೀಗೆಯೇ ಬೀದಿಯಲ್ಲಿ ಹೋಗುತ್ತಿದ್ದವರನ್ನು ಕೈಹಿಡಿದು ಎಳೆದು ತರುತ್ತಿದ್ದನಂತೆ.

ಘಟ್ಟ ಹತ್ತುವಾಗ ಅವನಿಗೆ ಚಳಿ ಹತ್ತಿತು. ಖಾದರಸಾಬ ಸೀಟಿನ ಹಿಂದಿನಿಂದ ತನ್ನ ಒಗೆದ ಅಂಗಿಯೊಂದನ್ನು ತೆಗೆದುಕೊಟ್ಟ, ಪ್ರಾರ್ಥನೆಗೆ ತಲೆ ಮುಚ್ಚಬೇಕು ಎಂದಾಗ ಬಿಳಿ ನಮಾಜಿನ ಟೊಪ್ಪಿಗೆಯನ್ನೂ ಕೊಟ್ಟ. ಹುಡುಗನಿಗೆ ಅದು ಅಳತೆ ತೆಗೆದು ಹೊಲಿಸಿದಂತೆ ಕೂತಿತು. ಶಿರಸಿ ಬಿಟ್ಟಾಗ ಸೂರ್ಯ ಆಗಲೇ ಇಳಿಯುತ್ತಿದ್ದ. ಕಾಕುವಿನ ಫೋನು ಮೇಲಿಂದ ಮೇಲೆ. ಬಂದ್ವಿ, ಬಂದ್ವಿ ಎನ್ನುತ್ತಿದ್ದೆ.

ಹಾನಗಲ್ ಇನ್ನೇನು ಬಂತು ಎನ್ನುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್, ರಸ್ತೆ ತುಂಬ ಕಬ್ಬು, ಎಷ್ಟು ಹಾರ್ನ್ ಹೊಡೆದರೂ ಜಾಗವಿಲ್ಲ. ಒಳಗಿಂದ ಹಾಡು ಬೇರೆ. ನಾನು ಇಳಿದು, ಧೋತರ ಎತ್ತಿಕಟ್ಟಿ, ಪಕ್ಕದ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರಿನ ಜೊತೆ ಓಡುತ್ತ ಕೂಗಿದೆ. ಹಾಡಿನಲ್ಲಿ ಡ್ರೈವರನಿಗೆ ಕೇಳಿದ್ದು ಅವಲಕ್ಕಿ ಕಾಕಾ ಎಂಬಷ್ಟು ಮಾತ್ರ.

"ಕಾಕಾಂದ್ ಕೆಲಸೇನ್ರಿ? ಮೊದ್ಲs ಹೇಳಬಾರದೇನು!" ಎಂದು ಅಷ್ಟು ದೊಡ್ಡ ಹೇರನ್ನು ಕೊಯ್ದ ಗದ್ದೆಗೆ ಇಳಿಸಿಯೇ ಬಿಟ್ಟ. ಚಕ್ರ ಹೂತು ಹೋದವು. ಯಾವ ಕೆಲಸ ಎಂದು ಅವನು ಕೇಳಲೂ ಇಲ್ಲ.

ಓಣಿಯ ತುದಿಯಲ್ಲಿ ಕಾಕು ನಿಂತಿದ್ದರು. ಹಿಂದೆ ಅರ್ಧ ಊರು. ಗಾಡಿಯಿಂದ ಎಲೆ ವ್ಯಾಪಾರಿಯ ಅಂಗಿ, ನಮಾಜಿನ ಟೊಪ್ಪಿಗೆ, ಎದೆಯುದ್ದ ಗಡ್ಡದ ಹುಡುಗ ಇಳಿದದ್ದನ್ನು ನೋಡಿ ಕಾಕು ಎರಡೂ ಕೈಯಿಂದ ಅವನ ಕೆನ್ನೆ ಹಿಡಿದರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, "ನಡಿ, ನಡಿ, ಹೊತ್ತಾತು" ಎಂದು ಅಪ್ಪಟ ಹಾನಗಲ್ ಕನ್ನಡದಲ್ಲಿ ಗದರಿಸಿ ಒಳಗೆ ಅಟ್ಟಿದರು. ಹುಡುಗನಿಗೆ ಪೂರ್ತಿ ಅರ್ಥವಾಯಿತು.

ನಾವೆಲ್ಲ ಅಂಗಳದಲ್ಲಿ ನಿಂತೆವು. ಒಳಗೆ ಮೊದಲು ಒಬ್ಬರ ದನಿ, ಆಮೇಲೆ ಎಲ್ಲರದೂ ಕೂಡಿ. ಮಧ್ಯೆ ಕಾಕಾನ ತೆಳ್ಳಗಿನ ದನಿ ನಡುಗುತ್ತ ಏರುತ್ತಿತ್ತು. ಹಂಚಿನ ಮೇಲೆ ಇನ್ನೂ ಕೈಯಗಲ ಬಿಸಿಲಿತ್ತು. ಶಾಂತಾ ನನ್ನ ಪಕ್ಕ ನಿಂತು ಮೂಗು ಒರೆಸಿಕೊಂಡಳು. ನನ್ನ ಕಣ್ಣಿಗೆ ಧೂಳು ಬಿತ್ತು ಎಂದೆ ನಾನು. ಏನಾಯಿತೆಂದು ಅವಳು ಕೇಳಿರಲೇ ಇಲ್ಲ.

ಪ್ರಾರ್ಥನೆ ಮುಗಿದು ಮಲಿದಾದ ತಾಟು ಹೊರಗೆ ಬಂತು. ಓಮ್ರಿ ಎರಡು ಸಲ ಹಾಕಿಸಿಕೊಂಡು, ಕಟ್ಟೆಯ ಮೇಲೆ ಚನ್ನಬಸಪ್ಪನ ಪಕ್ಕ ಕೂತು ಬೆರಳು ನೆಕ್ಕುತ್ತಿದ್ದ. ಅಷ್ಟರಲ್ಲಿ ಕಾಕಾ ಹೊಸ್ತಿಲಿಗೆ ಬಂದರು. ಆ ಮನೆಯ ಕಟ್ಟೆ ಎತ್ತರದ್ದು, ಮೆಟ್ಟಿಲಿಗೆ ಹಿಡಿಕೆಯಿಲ್ಲ. ಆಪರೇಶನ್ ಆದಾಗಿನಿಂದ ಕಾಕಾ ಗೋಡೆ ಹಿಡಿದು ಒಬ್ಬರೇ ಇಳಿಯುತ್ತಿದ್ದರು, ಯಾರಾದರೂ ಕೈ ಕೊಡಲು ಹೋದರೆ ಬ್ಯಾಡ್ರಿ ಬ್ಯಾಡ್ರಿ ಎಂದು ಸರಿಸುತ್ತಿದ್ದರು. ಅದು ಗೊತ್ತಿದ್ದೇ ನಾವೆಲ್ಲ ರೂಢಿಯಂತೆ ದಾರಿ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತೆವು.

ಕಾಕಾ ಮೊದಲ ಮೆಟ್ಟಿಲ ಮೇಲೆ ನಿಂತರು. ಓಮ್ರಿಯನ್ನು ನೋಡಿದರು, ಖಾದರಸಾಬನನ್ನು ನೋಡಿದರು, ಗದ್ದೆಯ ಕೆಸರು ಮೆತ್ತಿದ ನನ್ನ ಧೋತರ ನೋಡಿದರು. ಗೋಡೆಯಿಂದ ಕೈ ತೆಗೆದರು.

"ಯಾರರೆ ಸ್ವಲ್ಪ ಕೈ ಹಿಡೀರಪಾ" ಎಂದರು. "ನನಗ ಒಬ್ಬಾವಗ ಇಳ್ಯಾಕ ಆಗವಲ್ದು."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಮರುಕ್ಷಣ ಅಂಗಳಕ್ಕೆ ಅಂಗಳವೇ ಮುನ್ನುಗ್ಗಿತು. ಚನ್ನಬಸಪ್ಪ ಬಡಿಗೆ ಬಿಸಾಕಿ ಬಂದರು, ಆಚಾರ್ಯರು ಬಂದರು, ಖಾದರಸಾಬ ನನ್ನ ಕಾಲು ತುಳಿದುಕೊಂಡೇ ಹೋದ. ಯಾವ ಕೈ ಹಿಡಿಯಬೇಕೆಂದು ಗೊತ್ತಾಗದೆ ಕಾಕಾ ಮೆಟ್ಟಿಲ ಮೇಲೆ ಓಲಾಡಿದರು.

"ಎಲ್ಲಾರೂ ಕೂಡಿ ಕೆಡವೀರಿ ಅವರನ್ನ!" ಎಂದು ಕಾಕು ಬಾಗಿಲಿನಿಂದ ಚೀರಿದರು. "ಹಿಂದ ಸರೀರಿ, ಒಬ್ಬರು ಸಾಕು!"

ಒಬ್ಬರೂ ಹಿಂದೆ ಸರಿಯಲಿಲ್ಲ.